ಮಗುವಿನ ತೂಕ ಹೆಚ್ಚಾಗಿದೆಯೇ? ಕಾರಣ ಪತ್ತೆ ಮಾಡುವುದು ಹೀಗೆ

‘ಭಾಳ ದಪ್ಪ ಆಗ್ಯಾನ್ರಿ, ರಾತ್ರಿ ರೊಟ್ಟಿ ಬಂದ್ ಮಾಡೇವಿ.’ ವಿಜಯಪುರದ ಪಾಲಕರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ. ಜೋಳದ ರೊಟ್ಟಿ, ಬೇಳೆ, ಪಲ್ಲೆ ಉಂಡು ಬೊಜ್ಜು ಬೆಳೆಸಿಕೊಂಡ ಮಕ್ಕಳು ಅಪರೂಪ. ಕಾರಣ ತಿಳಿಯುವ ಮುನ್ನ ತಾಟಿಗೆ ಕೈ ಹಾಕಬೇಡಿ.

1. ತೂಕ, ಎತ್ತರ ಎರಡನ್ನೂ ಅಳೆಯಿರಿ. ಬರಿಗಾಲು, ತೆಳು ಬಟ್ಟೆ, ಗಟ್ಟಿ ನೆಲ. ಜಮಖಾನದ ಮೇಲಿಟ್ಟ ತೂಕದ ಯಂತ್ರವನ್ನು ನಂಬಬೇಡಿ.

2. ಲೆಕ್ಕ ಹಾಕಿ. ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಅಂಕಿ, ಸಿಗುತ್ತದೆ. ಎಡವುವುದು ಇದರ ನಂತರ. 10 ವರ್ಷದ ಹುಡುಗ, 140 ಸೆಂ.ಮೀ., 40 ಕೆ.ಜಿ. ಇದ್ದರೆ ಬಿಎಂಐ 20.4. ಮೊಬೈಲ್ ಆ್ಯಪ್ ದೊಡ್ಡವರ ಪಟ್ಟಿ ನೋಡಿ ‘ನಾರ್ಮಲ್’ ಎನ್ನುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಪಟ್ಟಿಯಲ್ಲಿ ಆ ವಯಸ್ಸಿನ ಹುಡುಗ 18.5 ದಾಟಿದರೆ ಅಧಿಕ ತೂಕ, 21.4 ದಾಟಿದರೆ ಬೊಜ್ಜು. ಹುಡುಗಿಯರ ಗೆರೆ ಬೇರೆ, ಪ್ರತಿ ವಯಸ್ಸಿಗೂ ಬೇರೆ. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ನಮ್ಮ ಮಕ್ಕಳಿಗಾಗಿಯೇ ಮಾಡಿದ ನಕ್ಷೆಯಿದೆ. ನನ್ನ ಒಲವು ಅದರತ್ತ. ಮಕ್ಕಳ ಡಾಕ್ಟರರಿಂದ ಅದರಲ್ಲೇ ಗುರುತು ಹಾಕಿಸಿ.

3. ಒಂದು ವಾರ ಬರೆದಿಡಿ. ಮೂರು ಹೊತ್ತಿನ ಊಟ ಬರೆದು ಸುಮ್ಮನಾಗುವವರೇ ಹೆಚ್ಚು. ನನ್ನ ಮಟ್ಟಿಗೆ, ಶಾಲೆ ಬಿಟ್ಟಾಗಿನಿಂದ ರಾತ್ರಿ ಊಟದವರೆಗಿನ ಹೊತ್ತೇ ಮುಖ್ಯ. ಗೇಟಿನ ಬಳಿ ಏನು ಕೊಂಡ? ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ನಿಯಮವೇ ಇದೆ. ಆದರೂ ಹತ್ತು ರೂಪಾಯಿಯ ಕುರುಕಲು ಪಾಕೀಟು ಮಕ್ಕಳ ಕೈಯಲ್ಲಿರುತ್ತದೆ. ಅಜ್ಜಿ ಏನು ಕೊಟ್ಟರು? ಅದನ್ನೂ ಬರೆಯಿರಿ, ಅವರನ್ನು ಬೈಯಬೇಡಿ. ಏನು ಕುಡಿದ? 250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಹಣ್ಣಿನ ಚಿತ್ರವಿರುವ ಡಬ್ಬಿಯ ಜ್ಯೂಸೂ ಬಹಳ ಭಿನ್ನವಲ್ಲ. ಎತ್ತರ ಬೆಳೆಸುತ್ತೇವೆನ್ನುವ ಹಾಲಿಗೆ ಬೆರೆಸುವ ಪುಡಿಗಳನ್ನು ಮನೆಗೆ ತರಲೇಬೇಡಿ. ಹಿಂಬದಿಯ ಚೀಟಿಯಲ್ಲಿ ಸಕ್ಕರೆಯ ಪ್ರಮಾಣ ಓದಿದರೆ ಯಾಕೆಂದು ತಿಳಿಯುತ್ತದೆ.

ಮಗು ಎಷ್ಟು ಹೊತ್ತು ಕೂತಿತ್ತು ಎಂಬುದೂ ವಹಿಯಲ್ಲಿರಲಿ. ನಮ್ಮ ಊರಲ್ಲಿ ನವೋದಯ, ಸೈನಿಕ ಶಾಲೆ, ಮೊರಾರ್ಜಿ ಪರೀಕ್ಷೆಯ ಕೋಚಿಂಗ್ ನಾಲ್ಕನೆಯ ಇಯತ್ತೆಯಿಂದಲೇ ಶುರು. ಆಟದ ಹೊತ್ತು ಅದಕ್ಕೇ ಹೋಗುತ್ತದೆ, ಉಳಿದದ್ದು ಮೊಬೈಲಿಗೆ. ಶಾಲಾ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಆಟ ಬೇಕು. ಏಪ್ರಿಲ್‌ ಬಿಸಿಲಿನಲ್ಲಿ ಬೆಳಗ್ಗೆ ಬೇಗ ಆಡಿಸಿ. ಸೀಟು ಮುಖ್ಯ, ಒಪ್ಪುತ್ತೇನೆ. ಆದರೆ ಆ ಒಂದು ಗಂಟೆಯನ್ನು ಕೋಚಿಂಗ್‌ನವರಿಗೆ ಬಿಟ್ಟುಕೊಡಬೇಡಿ. ನಿದ್ದೆಯೂ ಬರೆಯಿರಿ: 6ರಿಂದ 12 ವರ್ಷದವರಿಗೆ 9 ತಾಸಿಗಿಂತ ಕಡಿಮೆಯಾದರೆ ಹಸಿವು ಹದ ತಪ್ಪುತ್ತದೆ.

4. ಒಂದೊಂದೇ ಬದಲಿಸಿ. ಮೊದಲು ಸಿಹಿ ಪೇಯ, ಆಮೇಲೆ ಪಾಕೀಟು. ಬದಲಿಗೆ ಮಜ್ಜಿಗೆ, ಪೇರಲ, ಒಂದು ಹಿಡಿ ಹುರಿದ ಶೇಂಗಾ. ಅಮೀನಗಡದ ಕರದಂಟು ಹಬ್ಬಕ್ಕಿರಲಿ, ದಿನದ ಡಬ್ಬಿಗೆ ಬೇಡ. ಬೆಳೆಯುವ ಮಗುವಿನ ತೂಕ ಏರದೆ ನಿಂತರೂ ಬಹಳಷ್ಟು ಸಲ ಸಾಕು, ಎತ್ತರ ಏರಿದಂತೆ ಬಿಎಂಐ ಇಳಿಯುತ್ತದೆ. ‘ಡುಮ್ಮ’ ಎಂದು ಕರೆಯುವುದು ಮನೆಯಲ್ಲಿ ಇವತ್ತೇ ನಿಲ್ಲಲಿ.

5. ಡಾಕ್ಟರರಲ್ಲಿಗೆ ಯಾವಾಗ? ತೂಕ ಏರುತ್ತಿದ್ದರೂ ಎತ್ತರ ಏರದಿದ್ದರೆ ಥೈರಾಯ್ಡ್‌ನಂಥ ಹಾರ್ಮೋನಿನ ತೊಂದರೆ ಇರಬಹುದು. ಸ್ಟಿರಾಯ್ಡ್ ಔಷಧ ನಡೆದಿದ್ದರೆ ಅದನ್ನು ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ಅದನ್ನು ಕೊಳೆಯೆಂದು ಕಲ್ಲಿನಿಂದ ತಿಕ್ಕುವ ತಾಯಂದಿರಿದ್ದಾರೆ. ಅದು ತಿಕ್ಕಿದರೆ ಹೋಗದು. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತಾಗಿರಬಹುದು, ತಡಮಾಡದೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.