ಕ್ರೀಡಾಂಗಣವನ್ನು ವಿಸ್ತರಿಸಬೇಕೇ? ಫುಟ್‌ಬಾಲ್ ಕ್ಲಬ್ ತೀರ್ಮಾನಕ್ಕೆ ಬರುವ ಬಗೆ

ದೊಡ್ಡ ಪಂದ್ಯವೊಂದರ ಟಿಕೆಟ್‌ಗಳು ಮಾರಾಟ ಶುರುವಾದ ಅರ್ಧ ಗಂಟೆಯಲ್ಲೇ ಮುಗಿದುಹೋದರೆ, ಕ್ಲಬ್‌ನ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಯಾರಾದರೊಬ್ಬರು ‘ಇನ್ನೊಂದು ಐದು ಸಾವಿರ ಆಸನ ಇದ್ದಿದ್ದರೆ’ ಎಂದು ಮಾತು ತೆಗೆಯುತ್ತಾರೆ. ಅದರ ಮುಂದಿನ ಸಭೆಗೆ ವಾಸ್ತುಶಿಲ್ಪಿ ಬರೆದುಕೊಟ್ಟ ಚಿತ್ರವೂ ಬಂದಿರುತ್ತದೆ. ಆ ಚಿತ್ರದಲ್ಲಿ ಬಿಸಿಲು ಯಾವಾಗಲೂ ಹಿತವಾಗಿರುತ್ತದೆ, ಒಂದು ಆಸನವೂ ಖಾಲಿ ಇರುವುದಿಲ್ಲ. ಮದುವೆಯ ದಿನ ಬಂದ ನೆಂಟರನ್ನು ಎಣಿಸಿ ಮನೆ ಕಟ್ಟಿಸಿದವನಿಗೆ ಉಳಿದ ದಿನಗಳಲ್ಲಿ ಕಸ ಗುಡಿಸುವುದೇ ಕೆಲಸವಾಗುತ್ತದೆ. ಕ್ರೀಡಾಂಗಣದ ವಿಷಯದಲ್ಲೂ ನೋಡಬೇಕಾದದ್ದು ಟಿಕೆಟ್ ಸಿಗದೆ ಜನ ಹಿಂದಿರುಗಿದ ದಿನವನ್ನಲ್ಲ, ಋತುವಿನ ಅತ್ಯಂತ ನೀರಸ ಪಂದ್ಯದ ದಿನವನ್ನು. ತಂಡ ಸೋಲುತ್ತಿರುವಾಗ, ಎದುರಾಳಿಗೆ ಹೆಸರಿಲ್ಲದಿರುವಾಗ, ಮಳೆ ಸುರಿಯುತ್ತಿರುವಾಗ ಎಷ್ಟು ಜನ ಬಂದು ಕೂರುತ್ತಾರೆ ಎಂಬುದನ್ನು ತಿಳಿದುಕೊಳ್ಳುವ ದಾರಿಯನ್ನು ಇಲ್ಲಿ ವಿವರಿಸಲಾಗಿದೆ.

ಬೇಡಿಕೆಯನ್ನು ಅಳೆಯುವುದು

ಮೊದಲು ಕಳೆದ ಐದಾರು ಋತುಗಳ ತವರು ಪಂದ್ಯಗಳ ದಾಖಲೆಯನ್ನು ಮುಂದಿಟ್ಟುಕೊಳ್ಳಬೇಕು. ಮಾರಾಟವಾದ ಟಿಕೆಟ್‌ಗಳ ಸಂಖ್ಯೆ ಬೇರೆ, ಗೇಟು ದಾಟಿ ಒಳಗೆ ಬಂದವರ ಸಂಖ್ಯೆ ಬೇರೆ. ಬಹಳಷ್ಟು ಕ್ಲಬ್‌ಗಳು ಪ್ರಕಟಿಸುವ ಹಾಜರಾತಿ ಮೊದಲನೆಯದು. ಸೀಸನ್ ಟಿಕೆಟ್ (ಇಡೀ ಋತುವಿನ ತವರು ಪಂದ್ಯಗಳಿಗೆ ಒಟ್ಟಿಗೆ ಕೊಳ್ಳುವ ಟಿಕೆಟ್) ಕೊಂಡವರು ಮನೆಯಲ್ಲೇ ಉಳಿದಿದ್ದರೂ ಆ ಲೆಕ್ಕದಲ್ಲಿ ಬಂದವರೇ ಆಗಿರುತ್ತಾರೆ. ವಿಸ್ತರಣೆಯ ತೀರ್ಮಾನಕ್ಕೆ ಬೇಕಾದದ್ದು ಟರ್ನ್‌ಸ್ಟೈಲ್‌ನ, ಅಂದರೆ ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟಿನ, ಎಣಿಕೆ. ಕೊಂಡ ಟಿಕೆಟನ್ನೇ ಜನ ಬಳಸುತ್ತಿಲ್ಲವಾದರೆ, ಹೊಸ ಗ್ಯಾಲರಿಗಿಂತ ಮೊದಲು ಆ ಆಸನಗಳನ್ನು ಕ್ಲಬ್‌ನ ಮೂಲಕವೇ ಮತ್ತೊಬ್ಬರಿಗೆ ಮಾರುವ ವ್ಯವಸ್ಥೆ ಬೇಕಾಗಿದೆ ಎಂದರ್ಥ. ಅದಕ್ಕೆ ತಗಲುವ ಖರ್ಚು ಒಂದು ಸಾಫ್ಟ್‌ವೇರಿನದು, ಕಾಂಕ್ರೀಟಿನದಲ್ಲ.

ಇದಾದ ಮೇಲೆ ಸೀಸನ್ ಟಿಕೆಟ್‌ಗಾಗಿ ಕಾಯುವವರ ಪಟ್ಟಿಗೆ ಬರಬೇಕು. ಸಭೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉತ್ಸಾಹದಿಂದ ಓದಲಾಗುವ ಕಾಗದವೂ ಇದೇ, ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಕಾಗದವೂ ಇದೇ. ಹೆಸರು ಬರೆಸುವುದಕ್ಕೆ ಹಣ ಕೊಡಬೇಕಿಲ್ಲವೆಂದಾದರೆ, ಹತ್ತು ವರ್ಷದ ಹಿಂದೆ ಬರೆಸಿ ಮರೆತವರು, ಊರು ಬಿಟ್ಟವರು, ಮನೆಯ ನಾಲ್ವರ ಹೆಸರನ್ನೂ ಒಟ್ಟಿಗೆ ಸೇರಿಸಿದವರು ಎಲ್ಲರೂ ಅದರಲ್ಲಿರುತ್ತಾರೆ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಪತ್ರ ಬರೆದು, ಬೆಲೆಯನ್ನು ಸ್ಪಷ್ಟವಾಗಿ ತಿಳಿಸಿ, ಮರಳಿ ಪಡೆಯಬಹುದಾದ ಸಣ್ಣ ಮುಂಗಡವೊಂದನ್ನು ಕೇಳಿದರೆ ಪಟ್ಟಿ ತಾನಾಗಿಯೇ ಸೋಸಿಕೊಳ್ಳುತ್ತದೆ. ಮುಂಗಡ ಕಟ್ಟಿದವರನ್ನಷ್ಟೇ ಬೇಡಿಕೆಯ ಲೆಕ್ಕಕ್ಕೆ ಸೇರಿಸಬೇಕು.

ಇದರೊಳಗೇ ಇನ್ನೊಂದು ಸೂಕ್ಷ್ಮವಿದೆ. ಜನರು ಸೀಸನ್ ಟಿಕೆಟ್ ಕೊಳ್ಳುವುದಕ್ಕೆ ಆಟದ ಮೇಲಿನ ಪ್ರೀತಿಯಷ್ಟೇ, ಈಗ ಕೈಬಿಟ್ಟರೆ ಮತ್ತೆ ಸಿಗದು ಎಂಬ ಅಂಜಿಕೆಯೂ ಕಾರಣ. ಆಸನಗಳು ಹೇರಳವಾದ ದಿನ ಆ ಅಂಜಿಕೆ ಹೋಗುತ್ತದೆ. ‘ಬೇಕಾದಾಗ ಒಂದು ಟಿಕೆಟ್ ತೆಗೆದುಕೊಂಡರಾಯಿತು’ ಎನ್ನುವವರು ಹಳೆಯ ಆಸನಗಳಲ್ಲೇ ಹುಟ್ಟಿಕೊಳ್ಳುತ್ತಾರೆ. ಹೀಗಾಗಿ ಹೊಸ ಐದು ಸಾವಿರ ಆಸನಗಳು ಹೊಸ ಐದು ಸಾವಿರ ಪ್ರೇಕ್ಷಕರನ್ನು ತರದೆ, ಇದ್ದ ಪ್ರೇಕ್ಷಕರನ್ನು ಋತುವಿನ ಆರಂಭದಲ್ಲೇ ಹಣ ಕಟ್ಟುವವರಿಂದ ಪಂದ್ಯದಿಂದ ಪಂದ್ಯಕ್ಕೆ ಯೋಚಿಸುವವರನ್ನಾಗಿ ಬದಲಾಯಿಸುವ ಸಾಧ್ಯತೆಯಿದೆ. ಬೇಡಿಕೆಯ ಅಂದಾಜು ಮಾಡುವವರು ಈ ಸೋರಿಕೆಗೆಂದು ಒಂದು ಸಾಲನ್ನು ಕಡ್ಡಾಯವಾಗಿ ಮೀಸಲಿಡಬೇಕು. ಅದನ್ನು ಬಿಟ್ಟಿರುವ ವರದಿಯನ್ನು ಹಿಂದಿರುಗಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಆಸನಗಳನ್ನು ಕಡಿಮೆ ಮಾಡಿಕೊಂಡು ಲಾಭ ಪಡೆದ ಉದಾಹರಣೆಯೂ ಇದೆ. ಇಟಲಿಯ ಯುವೆಂಟಸ್ ಕ್ಲಬ್ 1990ರ ವಿಶ್ವಕಪ್‌ಗೆಂದು ಕಟ್ಟಿದ್ದ ಸುಮಾರು 69,000 ಆಸನಗಳ ಕ್ರೀಡಾಂಗಣದಲ್ಲಿ ಆಡುತ್ತಿತ್ತು. ಮೈದಾನದ ಸುತ್ತ ಓಟದ ಪಥವಿದ್ದುದರಿಂದ ಪ್ರೇಕ್ಷಕರು ಆಟದಿಂದ ದೂರ ಉಳಿಯುತ್ತಿದ್ದರು, ಗ್ಯಾಲರಿಗಳು ಬಿಕೋ ಎನ್ನುತ್ತಿದ್ದವು. ಕ್ಲಬ್ ಅದನ್ನು ಕೆಡವಿ, ಅದೇ ಜಾಗದಲ್ಲಿ ಸುಮಾರು 41,000 ಆಸನಗಳ ಕ್ರೀಡಾಂಗಣವನ್ನು ಕಟ್ಟಿ 2011ರಲ್ಲಿ ತೆರೆಯಿತು.

ಒಂದು ಆಸನದ ಲೆಕ್ಕ

ಇಡೀ ಯೋಜನೆಯ ಮೊತ್ತವನ್ನು ನೋಡಿದರೆ ಕಣ್ಣು ಕತ್ತಲೆ ಬರುತ್ತದೆಯೇ ಹೊರತು ಏನೂ ತಿಳಿಯುವುದಿಲ್ಲ. ಅದನ್ನು ಹೊಸ ಆಸನಗಳ ಸಂಖ್ಯೆಯಿಂದ ಭಾಗಿಸಿ, ಬಂದ ಮೊತ್ತವನ್ನು ಹಣದಲ್ಲಿ ಹೇಳದೆ ಟಿಕೆಟ್‌ಗಳಲ್ಲಿ ಹೇಳುವುದು ಒಳ್ಳೆಯದು. ಒಂದು ಹೊಸ ಆಸನಕ್ಕೆ ತಗಲುವ ಖರ್ಚು 200 ಟಿಕೆಟ್‌ಗಳ ಬೆಲೆಗೆ ಸಮ ಎಂದುಕೊಳ್ಳೋಣ. ವರ್ಷಕ್ಕೆ 20 ತವರು ಪಂದ್ಯಗಳಿದ್ದು ಎಲ್ಲದರಲ್ಲೂ ಆ ಆಸನ ತುಂಬಿದರೆ ಬರುವ ಆದಾಯ 20 ಟಿಕೆಟ್. ಭದ್ರತಾ ಸಿಬ್ಬಂದಿ, ಸ್ವಚ್ಛತೆ, ವಿದ್ಯುತ್, ತೆರಿಗೆ ಎಂದು ಕಾಲು ಭಾಗ ಕಳೆದರೆ ಉಳಿಯುವುದು 15. ಸಾಲದ ಬಡ್ಡಿ ಶೇ 5 ಆಗಿದ್ದರೆ ಮೊದಲ ವರ್ಷದ ಬಡ್ಡಿಯೇ 10 ಟಿಕೆಟ್. ಅಸಲಿಗೆ ಹೋಗುವುದು 5 ಮಾತ್ರ. ವರ್ಷವೂ ಹದಿನೈದನ್ನು ತಪ್ಪದೆ ಕಟ್ಟುತ್ತಾ ಹೋದರೆ ಸಾಲ ತೀರಲು 22 ವರ್ಷ ದಾಟುತ್ತದೆ. ಅದೇ ಆಸನ 20ರ ಬದಲು 13 ಪಂದ್ಯಗಳಲ್ಲಿ ಮಾತ್ರ ತುಂಬಿತೆನ್ನಿ: ಕೈಗೆ ಉಳಿಯುವುದು ಹತ್ತಕ್ಕಿಂತ ಕಡಿಮೆ, ಅಂದರೆ ಬಡ್ಡಿಗೂ ಸಾಲದು. ಕ್ರೀಡಾಂಗಣ ಪ್ರತಿ ಪಂದ್ಯಕ್ಕೂ ಮುಕ್ಕಾಲು ಪಾಲು ತುಂಬಿರುವಂತೆ ಕಂಡರೂ, ಸೇರಿಸಿದ ಆ ಕೊನೆಯ ಆಸನಗಳು ಪ್ರತಿ ವರ್ಷ ಸಾಲವನ್ನು ಬೆಳೆಸುತ್ತಲೇ ಇರುತ್ತವೆ.

ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ತನ್ನ ಕ್ರೀಡಾಂಗಣವಾದ ಆನ್‌ಫೀಲ್ಡ್‌ನ ಮುಖ್ಯ ಗ್ಯಾಲರಿಯನ್ನು 2016ರಲ್ಲಿ ವಿಸ್ತರಿಸಿದಾಗ ಸುಮಾರು 8,500 ಆಸನಗಳು ಸೇರಿದವು. ಖರ್ಚಾದದ್ದು ಸುಮಾರು 11 ಕೋಟಿ ಪೌಂಡ್ ಎಂದು ವರದಿಯಾಗಿತ್ತು. ಆಸನವೊಂದಕ್ಕೆ ಹೆಚ್ಚುಕಡಿಮೆ 13,000 ಪೌಂಡ್ ಆಯಿತು. ಸಾಮಾನ್ಯ ಟಿಕೆಟ್ ಮಾತ್ರ ಮಾರಿ ಇಷ್ಟನ್ನು ಹಿಂದಕ್ಕೆ ಪಡೆಯುವುದು ನಿಧಾನದ ಕೆಲಸವಾದ್ದರಿಂದಲೇ ಇಂಥ ಯೋಜನೆಗಳಲ್ಲಿ ಆತಿಥ್ಯದ ಕೋಣೆಗಳು, ಊಟ ಸಹಿತವಾದ ದುಬಾರಿ ಆಸನಗಳು ದೊಡ್ಡ ಪಾಲು ಪಡೆಯುತ್ತವೆ. ಒಂದು ಪಂದ್ಯಕ್ಕೆ ನಾಲ್ಕೈದು ಟಿಕೆಟ್‌ಗಳಷ್ಟು ಹಣ ತರುವ ಆಸನ ಮೇಲಿನ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಆದರೆ ಅಂಥ ಆಸನ ಕೊಳ್ಳುವವರು ಕಂಪನಿಗಳು. ಸುತ್ತಮುತ್ತ ಅಷ್ಟು ಕಂಪನಿಗಳಿವೆಯೇ, ಆರ್ಥಿಕ ಹಿಂಜರಿತ ಬಂದಾಗ ಅವು ಮೊದಲು ಕಡಿತಗೊಳಿಸುವ ಖರ್ಚು ಯಾವುದು ಎಂಬ ಪ್ರಶ್ನೆಗಳನ್ನು ಬೇಡಿಕೆಯ ಅಧ್ಯಯನದಲ್ಲಿ ಪ್ರತ್ಯೇಕವಾಗಿ ಕೇಳಬೇಕು.

ತಂಡ ಕೆಳ ವಿಭಾಗಕ್ಕೆ ಇಳಿದರೆ?

ಬಹಳಷ್ಟು ಲೀಗ್‌ಗಳಲ್ಲಿ ಕೊನೆಯ ಸ್ಥಾನಗಳಲ್ಲಿ ಉಳಿದ ತಂಡ ಮುಂದಿನ ಋತುವಿಗೆ ಒಂದು ವಿಭಾಗ ಕೆಳಗಿಳಿಯಬೇಕಾಗುತ್ತದೆ. ಆದರೆ ಸಾಲದ ಕಂತು ತಂಡದ ಸ್ಥಾನವನ್ನು ನೋಡಿ ಬರುವುದಿಲ್ಲ. ಆದ್ದರಿಂದ ಲೆಕ್ಕವನ್ನು ಮೂರು ಸಲ ಮಾಡಬೇಕು: ಈಗಿರುವ ಸ್ಥಾನದಲ್ಲಿ, ಒಂದು ವಿಭಾಗ ಕೆಳಗೆ, ಮತ್ತು ಕೆಳಗಿಳಿದು ಮೂರು ವರ್ಷ ಮೇಲೇರಲಾಗದೆ ಉಳಿದಾಗ. ಮೂರನೆಯ ಲೆಕ್ಕದಲ್ಲೂ ಆಟಗಾರರನ್ನು ಮಾರದೆ ಕಂತು ಕಟ್ಟಲು ಸಾಧ್ಯವೆಂದು ಕಂಡರೆ ಯೋಜನೆ ಗಟ್ಟಿಯಾಗಿದೆ ಎನ್ನಬಹುದು. ಮೊದಲನೆಯದರಲ್ಲಿ ಮಾತ್ರ ಸಾಧ್ಯವೆಂದಾದರೆ ಕ್ಲಬ್ ಮುಂದಿನ ಇಪ್ಪತ್ತು ವರ್ಷಗಳ ಗೆಲುವನ್ನು ಅಡವಿಟ್ಟು ಸಾಲ ಪಡೆಯುತ್ತಿದೆ ಎಂದಾಯಿತು.

ಲಂಡನ್ನಿನ ಚೆಲ್ಸಿ ಕ್ಲಬ್‌ಗೆ ಇದು ಅನುಭವಕ್ಕೆ ಬಂದ ಸಂಗತಿ. 1970ರ ದಶಕದ ಆರಂಭದಲ್ಲಿ ತನ್ನ ಕ್ರೀಡಾಂಗಣವಾದ ಸ್ಟ್ಯಾಂಫರ್ಡ್ ಬ್ರಿಜ್‌ನ ಪೂರ್ವ ಗ್ಯಾಲರಿಯನ್ನು ಹೊಸದಾಗಿ ಕಟ್ಟಲು ಹೊರಟ ಕ್ಲಬ್, ಕೆಲಸ ತಡವಾಗಿ ಖರ್ಚು ಏರುತ್ತಿದ್ದಂತೆ ಒಳ್ಳೆಯ ಆಟಗಾರರನ್ನು ಮಾರಬೇಕಾಯಿತು. ಗ್ಯಾಲರಿ 1974ರಲ್ಲಿ ತೆರೆಯಿತು, 1975ರಲ್ಲಿ ತಂಡ ಎರಡನೆಯ ವಿಭಾಗಕ್ಕೆ ಇಳಿಯಿತು. 1982ರಲ್ಲಿ ಸಾಲದ ಹೊರೆಯ ಸಮೇತ ಆ ಕ್ಲಬ್ ಒಂದೇ ಒಂದು ಪೌಂಡಿಗೆ ಕೈಬದಲಾಯಿಸಿತು. ಇದಕ್ಕಿಂತ ಕಠಿಣವಾದದ್ದು ಡಾರ್ಲಿಂಗ್ಟನ್ನಿನ ಕಥೆ. ಇಂಗ್ಲೆಂಡಿನ ಕೆಳ ವಿಭಾಗದಲ್ಲಿ ಕೆಲವೇ ಸಾವಿರ ಪ್ರೇಕ್ಷಕರ ಮುಂದೆ ಆಡುತ್ತಿದ್ದ ಆ ಕ್ಲಬ್ 2003ರಲ್ಲಿ 25,000 ಆಸನಗಳ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. ಆ ವರ್ಷ ಮುಗಿಯುವುದರೊಳಗೆ ದಿವಾಳಿಯ ಆಡಳಿತಾಧಿಕಾರಿಗಳ ಕೈಗೆ ಹೋಯಿತು, 2012ರಲ್ಲಿ ಕ್ರೀಡಾಂಗಣವನ್ನೇ ತೊರೆಯಬೇಕಾಯಿತು.

ಹಣವಂತ ಕ್ಲಬ್‌ಗಳಿಗೂ ಇದರಿಂದ ಪೂರ್ತಿ ವಿನಾಯಿತಿಯಿಲ್ಲ. ಆರ್ಸೆನಲ್ 2006ರಲ್ಲಿ ಸುಮಾರು 38,000 ಜನ ಹಿಡಿಸುವ ಹೈಬರಿಯನ್ನು ಬಿಟ್ಟು 60,000 ಆಸನಗಳ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಆಸನಗಳು ಮಾರಾಟವಾದವು, ಸಾಲವೂ ತೀರುತ್ತಾ ಬಂತು. ಆದರೂ ಆ ವರ್ಷಗಳಲ್ಲಿ ಮುಖ್ಯ ಆಟಗಾರರು ಒಬ್ಬೊಬ್ಬರಾಗಿ ಬೇರೆ ಕ್ಲಬ್‌ಗಳಿಗೆ ಹೋದರು. 2005ರ ಎಫ್‌ಎ ಕಪ್ ನಂತರದ ದೊಡ್ಡ ಪ್ರಶಸ್ತಿಗೆ 2014ರವರೆಗೆ ಕಾಯಬೇಕಾಯಿತು. ಯೋಜನೆ ತಪ್ಪೆಂದು ಹೇಳುವುದಕ್ಕಲ್ಲ, ಬೆಂಬಲಿಗರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಬೇಕೆಂದು ಸೂಚಿಸುವುದಕ್ಕೆ ಈ ಮಾತು. ಕ್ರೀಡಾಂಗಣ ನಿರ್ಮಾಣದ ಖರ್ಚನ್ನು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎಯ ಹಣಕಾಸು ನಿಯಮಗಳು ನಷ್ಟದ ಲೆಕ್ಕದಿಂದ ಹೊರಗಿಡುತ್ತವೆ ಎಂಬ ಸಮಾಧಾನವನ್ನು ಕೆಲವರು ಮುಂದಿಡುತ್ತಾರೆ. ನಿಯಮದ ಕಾಗದದಲ್ಲಿ ಅದು ಹೊರಗಿದ್ದೀತು, ಬ್ಯಾಂಕಿನ ಖಾತೆಯಲ್ಲಿ ಇರುವುದಿಲ್ಲ.

ಜಾಗ, ಗೇಟು, ಮೆಟ್ಟಿಲು

ಆಸನ ಹಾಕಲು ಜಾಗವಿದೆ ಎಂದಾಕ್ಷಣ ಜನರನ್ನು ಕೂರಿಸಬಹುದು ಎಂದಲ್ಲ. 1989ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಜನದಟ್ಟಣೆಗೆ ಸಿಕ್ಕಿ 97 ಮಂದಿ ಜೀವ ಕಳೆದುಕೊಂಡದ್ದು ಒಳಗೆ ಬರುವ ದಾರಿಯ ಮತ್ತು ಜನರ ನಿಯಂತ್ರಣದ ವೈಫಲ್ಯದಿಂದ. ಬ್ರಿಟನ್ನಿನ ಸುರಕ್ಷತಾ ಮಾರ್ಗದರ್ಶಿಯು ಒಂದು ಟರ್ನ್‌ಸ್ಟೈಲ್ ಮೂಲಕ ಗಂಟೆಗೆ ಹೆಚ್ಚೆಂದರೆ 660 ಜನ ಒಳಬರಬಹುದೆಂದು ಲೆಕ್ಕ ಹಿಡಿಯುತ್ತದೆ. ಪಂದ್ಯ ಮುಗಿದಾಗ ಎಲ್ಲರೂ ಎಂಟು ನಿಮಿಷದೊಳಗೆ ಗ್ಯಾಲರಿಯಿಂದ ಹೊರಹೋಗುವ ದಾರಿಗೆ ಸೇರಬೇಕೆನ್ನುತ್ತದೆ. ಮೆಟ್ಟಿಲಿನ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ 66 ಜನ ಇಳಿಯಬಹುದೆಂದು ಅಂದಾಜಿಸುತ್ತದೆ. ಈ ಅಂಕಿಗಳನ್ನು 5,000 ಆಸನಗಳ ಹೊಸ ಗ್ಯಾಲರಿಗೆ ಹಚ್ಚಿ ನೋಡಿ. ಒಂದು ಗಂಟೆಯಲ್ಲಿ ಜನರನ್ನು ಒಳಗೆ ಬಿಡಲು ಎಂಟು ಟರ್ನ್‌ಸ್ಟೈಲ್ ಬೇಕು. ಎಂಟು ನಿಮಿಷದಲ್ಲಿ ಹೊರಗೆ ಕಳಿಸಲು ನಿಮಿಷಕ್ಕೆ 625 ಜನ ಇಳಿಯಬೇಕು, ಅಂದರೆ ಒಟ್ಟು ಒಂಬತ್ತೂವರೆ ಮೀಟರ್ ಅಗಲದ ಮೆಟ್ಟಿಲು ಬೇಕು. ಆ ಮೆಟ್ಟಿಲುಗಳು ಕೊನೆಯಾಗುವ ಕಡೆ ಬೀದಿ ಆರು ಮೀಟರ್ ಅಗಲವಿದ್ದರೆ ವಾಸ್ತುಶಿಲ್ಪಿಯ ಚಿತ್ರವನ್ನು ಮಡಿಚಿಡುವುದೇ ಲೇಸು.

ನೋಟದ ಪ್ರಶ್ನೆಯೂ ಇದೆ. ಹಿಂದೆ ಕೂತವನ ದೃಷ್ಟಿರೇಖೆ ಮುಂದೆ ಕೂತವನ ಕಣ್ಣಿನ ಮಟ್ಟಕ್ಕಿಂತ ಸುಮಾರು 90 ಮಿಲಿಮೀಟರ್ ಮೇಲೆ ಹಾದುಹೋದರೆ ಆಟ ಚೆನ್ನಾಗಿ ಕಾಣುತ್ತದೆ. 60ಕ್ಕಿಂತ ಕೆಳಗಿಳಿದರೆ ಮುಂದಿನವನ ತಲೆಯೇ ಪಂದ್ಯವಾಗುತ್ತದೆ. ಮೇಲೆ ಹೋದಂತೆ ಈ ಅಂತರ ಉಳಿಸಿಕೊಳ್ಳಲು ಗ್ಯಾಲರಿಯನ್ನು ಇನ್ನಷ್ಟು ಕಡಿದಾಗಿಸಬೇಕು, ಅದಕ್ಕೂ ಸುಮಾರು 34 ಡಿಗ್ರಿಯ ಮಿತಿಯಿದೆ. ಕೊನೆಯದಾಗಿ ಸೇರುವ ಸಾಲುಗಳೇ ಕಟ್ಟಲು ಅತಿ ದುಬಾರಿ, ನೋಡಲು ಅತಿ ದೂರ, ಮಾರಲು ಅತಿ ಅಗ್ಗ.

ನೆರೆಹೊರೆಯ ಹಕ್ಕುಗಳನ್ನು ವಕೀಲರ ಮೂಲಕ ಮೊದಲೇ ತಿಳಿದುಕೊಳ್ಳಬೇಕು. ನ್ಯೂಕಾಸಲ್ ಕ್ಲಬ್‌ನ ಸೇಂಟ್ ಜೇಮ್ಸ್ ಪಾರ್ಕ್ 2000ದಲ್ಲಿ ಸುಮಾರು 52,000 ಆಸನಗಳಿಗೆ ಬೆಳೆದರೂ ಅದರ ಎರಡು ಬದಿಗಳು ಮಾತ್ರ ಎತ್ತರವಾಗಿವೆ. ಪೂರ್ವದ ಗ್ಯಾಲರಿಯ ಬೆನ್ನಿಗೇ ಹತ್ತೊಂಬತ್ತನೆಯ ಶತಮಾನದ ಸಂರಕ್ಷಿತ ಕಟ್ಟಡಗಳ ಸಾಲು ಇರುವುದರಿಂದ ಆ ಕಡೆ ಏರಿಸುವಂತಿಲ್ಲ.

ಕಟ್ಟುವ ಕಾಲ

ಎಲ್ಲ ಲೆಕ್ಕವೂ ಹೊಂದಿಕೊಂಡು ಕಟ್ಟಲು ತೀರ್ಮಾನಿಸಿದರೆ, ಒಂದು ಬಾರಿಗೆ ಒಂದೇ ಬದಿಯನ್ನು ಎತ್ತಿಕೊಳ್ಳಬೇಕೆಂಬುದು ನನ್ನ ನಿಲುವು. ಕಾಮಗಾರಿಯ ಕಾಲದಲ್ಲಿ ಕಳೆದುಹೋಗುವ ಆಸನಗಳ ಆದಾಯವೂ ಯೋಜನೆಯ ಖರ್ಚೇ, ಆದರೆ ಗುತ್ತಿಗೆದಾರನ ದರಪಟ್ಟಿಯಲ್ಲಿ ಅದು ಇರುವುದಿಲ್ಲ. ಆನ್‌ಫೀಲ್ಡ್‌ನಲ್ಲಿ ಹಳೆಯ ಗ್ಯಾಲರಿಯಲ್ಲಿ ಪಂದ್ಯಗಳು ನಡೆಯುತ್ತಿರುವಾಗಲೇ ಅದರ ಹಿಂದೆ ಹೊಸ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿ, ಋತುವಿನ ಬಿಡುವಿನಲ್ಲಿ ಎರಡನ್ನೂ ಜೋಡಿಸಿದರು. ಅದೇ ಕ್ರೀಡಾಂಗಣದ ಆನ್‌ಫೀಲ್ಡ್ ರೋಡ್ ಬದಿಯ ವಿಸ್ತರಣೆ ನಡೆಯುತ್ತಿದ್ದಾಗ, 2023ರಲ್ಲಿ ಗುತ್ತಿಗೆ ಸಂಸ್ಥೆಯೇ ದಿವಾಳಿಯಾಗಿ ಮೇಲಿನ ಅಂತಸ್ತು ತೆರೆಯುವುದು ತಿಂಗಳುಗಟ್ಟಲೆ ತಡವಾಯಿತು. ಆದ್ದರಿಂದ ಗುತ್ತಿಗೆದಾರನ ಆರ್ಥಿಕ ಸ್ಥಿತಿಯನ್ನು ಕ್ಲಬ್‌ನ ಲೆಕ್ಕಪರಿಶೋಧಕರೇ ನೋಡಬೇಕು, ಮತ್ತು ಕೆಲಸ ಅರ್ಧಕ್ಕೆ ನಿಂತರೆ ಮುಗಿಸಿಕೊಡುವ ಖಾತರಿಪತ್ರ ಕೈಯಲ್ಲಿರಬೇಕು. ಸ್ಪೇನಿನ ವೆಲೆನ್ಸಿಯಾ ಕ್ಲಬ್ 2007ರಲ್ಲಿ ಆರಂಭಿಸಿದ ಹೊಸ ಕ್ರೀಡಾಂಗಣದ ಕೆಲಸ 2009ರಲ್ಲಿ ಹಣವಿಲ್ಲದೆ ನಿಂತಿತು. ಮತ್ತೆ ಶುರುವಾದದ್ದು 2025ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ಅಲ್ಲಿ ನಿಂತಿದ್ದದ್ದು ಬರಿಯ ಕಾಂಕ್ರೀಟ್ ಅಸ್ಥಿಪಂಜರ.

ಉತ್ತರ ‘ಈಗ ಬೇಡ’ ಎಂದಾದರೂ ಮಾಡುವ ಕೆಲಸವಿದೆ. ಪಕ್ಕದ ಜಾಗ ಮಾರಾಟಕ್ಕೆ ಬಂದರೆ ಕೊಂಡಿಟ್ಟುಕೊಳ್ಳಬಹುದು, ಮುಂದೆ ಯಾವುದೇ ದುರಸ್ತಿ ಮಾಡುವಾಗ ಅಡಿಪಾಯವನ್ನು ಇನ್ನೊಂದು ಅಂತಸ್ತು ಹೊರುವಂತೆ ಹಾಕಿಸಬಹುದು. ನಿಯಮ ಒಪ್ಪುವ ಕಡೆ ನಿಂತು ನೋಡುವ ವಿಭಾಗವನ್ನು ಯೋಚಿಸಬಹುದು. ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್‌ನ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು 25,000 ಜನ ನಿಂತೇ ಪಂದ್ಯ ನೋಡುತ್ತಾರೆ. ‘ಬೇಡ’ ಎಂದದ್ದೇಕೆ ಎಂಬುದನ್ನು ನಡಾವಳಿಯಲ್ಲಿ ಅಂಕಿಗಳ ಸಮೇತ ಬರೆದಿಟ್ಟು, ಎರಡು ಋತುಗಳ ನಂತರದ ಒಂದು ದಿನಾಂಕವನ್ನು ಅಲ್ಲಿಯೇ ಗೊತ್ತುಮಾಡಿ, ಆ ದಿನ ಟರ್ನ್‌ಸ್ಟೈಲ್ ಎಣಿಕೆಯ ಹೊಸ ಪುಟಗಳೊಂದಿಗೆ ಅದೇ ಕಡತವನ್ನು ಮತ್ತೆ ತೆರೆಯಬೇಕು.