ಹ್ಯೂಸ್ಟನ್‌ಗೆ ಹೊರಟವರೇ, ಮನೆ ಹಿಡಿಯುವ ಮುಂಚೆ ಓದಿ

ಪ್ರತಿ ಡಿಸೆಂಬರ್ ಕಲಬುರಗಿಗೆ ಬಂದಾಗ ಅಮೆರಿಕದ ಹ್ಯೂಸ್ಟನ್‌ಗೆ ಹೊರಟ ಒಬ್ಬಿಬ್ಬರು ಹುಡುಗರು ಮನೆಗೆ ಬರುತ್ತಾರೆ. ವೀಸಾ, ಬಾಡಿಗೆ, ಕಾರು ಎಲ್ಲ ಕೇಳುತ್ತಾರೆ. ಪ್ರವಾಹದ ಮಾತು ತೆಗೆದರೆ, "ನಾವು ಭೀಮಾ ದಂಡಿಯವರು ಅಣ್ಣಾ, ನೋಡೀವಿ ಬಿಡ್ರಿ" ಅನ್ನುತ್ತಾರೆ. ನನಗೆ ಭಯವಾಗುವುದು ಇಲ್ಲೇ.

ಭೀಮಾ ಹೇಳಿ ಬರುತ್ತಾಳೆ. ಮೇಲಿನ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರು, ಸೊನ್ನ ಬ್ಯಾರೇಜಿನ ಗೇಟು ಎತ್ತಿದರು ಅಂದರೆ ಅಫಜಲಪುರ, ಜೇವರ್ಗಿ ಕಡೆಯವರಿಗೆ ದನಕರು ಹೊಡೆದುಕೊಂಡು ದಿನ್ನೆ ಏರಲು ಹೊತ್ತು ಸಿಗುತ್ತದೆ. ಹ್ಯೂಸ್ಟನ್‌ನಲ್ಲಿ ಮಳೆ ನಿಮ್ಮ ಓಣಿಯಲ್ಲೇ ಬೀಳುತ್ತದೆ. ನೆಲ ಅಂಗೈಯಷ್ಟು ಸಪಾಟು. 'ಬಯೂ' ಅನ್ನುವ ಹಳ್ಳಗಳು ತುಂಬಿದರೆ ನೀರಿಗೆ ಹೋಗಲು ದಾರಿಯೇ ಇಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಕೆಲವೇ ದಿನಗಳಲ್ಲಿ ಕೆಲವು ಕಡೆ ಒಂದು ಮೀಟರಿಗೂ ಹೆಚ್ಚು ಮಳೆ ಸುರಿಸಿತು.

ಆಗ ನನ್ನ ಮನೆ 'ಫಸ್ಟ್ ಫ್ಲೋರ್'. ಫೋನಿನಲ್ಲಿ ಕೇಳಿ ಮಾಳಿಗೆ ಮೇಲಿನದು ಅಂದುಕೊಂಡಿದ್ದೆ. ಅಮೆರಿಕದಲ್ಲಿ ಹಾಗಂದರೆ ನೆಲಮಟ್ಟದ ಮನೆ! ಬೆಳಗಿನ ಜಾವ ಮಂಚದಿಂದ ಕಾಲಿಟ್ಟರೆ ಕಾರ್ಪೆಟ್ ಪಚಕ್ ಅಂದಿತು. ಬಗ್ಗಿ ನೋಡಿದರೆ ಮಂಚದ ಕೆಳಗಿನ ಸೂಟ್‌ಕೇಸು ಅರ್ಧ ನೀರಲ್ಲಿ, ಡಿಗ್ರಿ ಸರ್ಟಿಫಿಕೇಟುಗಳೆಲ್ಲ ಅದರೊಳಗೆ. ಬಾಡಿಗೆದಾರರ ಇನ್ಶೂರೆನ್ಸ್ ಇತ್ತು. ಪ್ರವಾಹದ ನಷ್ಟ ಅದಕ್ಕೆ ಸೇರುವುದಿಲ್ಲ ಅಂತ ತಿಳಿದದ್ದು ಆಮೇಲೆ.

ಪ್ರವಾಹಕ್ಕೆ ಬೇರೆಯೇ ಪಾಲಿಸಿ ಬೇಕು. ಸರಕಾರಿ ಯೋಜನೆಯದು ಸಾಮಾನ್ಯವಾಗಿ ಕೊಂಡ 30 ದಿನದ ನಂತರವೇ ಜಾರಿಗೆ ಬರುತ್ತದೆ; ಟಿವಿಯಲ್ಲಿ ಚಂಡಮಾರುತ ಕಂಡ ಮೇಲೆ ಓಡಿದರೆ ಪ್ರಯೋಜನವಿಲ್ಲ. ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30. ಏಪ್ರಿಲ್‌ನಲ್ಲೇ ಮುಗಿಸಿ. ಕಾರಿಗೆ ಪ್ರವಾಹದ ಹಾನಿಯೂ ಸೇರುವ 'ಕಾಂಪ್ರಹೆನ್ಸಿವ್' ಇನ್ಶೂರೆನ್ಸ್ ಇರಲಿ. ಹಿಂದಿನ 5 ವರ್ಷದಲ್ಲಿ ಮನೆಗೆ ಪ್ರವಾಹದ ಹಾನಿಯಾಗಿದ್ದು ಗೊತ್ತಿದ್ದರೆ ಮಾಲೀಕರು ಬರೆದುಕೊಡಬೇಕು ಅಂತ 2022ರಿಂದ ಟೆಕ್ಸಸ್‌ನಲ್ಲಿ ಕಾನೂನಿದೆ. ನಾಚಿಕೊಳ್ಳದೆ ಕೇಳಿ. ಪ್ರವಾಹದ ನಕ್ಷೆಯನ್ನೂ ನೋಡಿ, ಆದರೆ ಅದನ್ನೊಂದೇ ನಂಬಬೇಡಿ. ಅಪಾಯದ ವಲಯದ ಹೊರಗಿದ್ದ ಎಷ್ಟೋ ಮನೆಗಳಿಗೆ ಹಾರ್ವೆ ನೀರು ನುಗ್ಗಿತ್ತು.

ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಕಾರು ತಿರುಗಿಸಿ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ. ಜನರೇಟರನ್ನು ಗ್ಯಾರೇಜಿನಲ್ಲಿ ಎಂದೂ ಹಚ್ಚಬೇಡಿ, ಅದರ ವಿಷಾನಿಲಕ್ಕೆ ವಾಸನೆಯಿಲ್ಲ.

2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ತಲೆಗೆ ದಿನಕ್ಕೆ 4 ಲೀಟರ್ ನೀರು, ಔಷಧಿ, ಬ್ಯಾಟರಿ ಕೂಡಿಡಿ. ಊರಿಂದ ಬರುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತನ್ನಿ. ಒಲೆಯೂ ಬೇಡ, ಫ್ರಿಜ್ಜೂ ಬೇಡ.

ಮೇಲಿನ ಮನೆಯವರ ಪರಿಚಯ ಮೊದಲ ವಾರವೇ ಮಾಡಿಕೊಳ್ಳಿ. ಹಾರ್ವೆ ದಿನ ಬಾಗಿಲು ತೆಗೆದು ನನ್ನನ್ನು ಒಳಗೆ ಕರೆದುಕೊಂಡದ್ದು ಅವರೇ. ಮೂರು ದಿನ ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಎಲ್ಲರೂ ಹಂಚಿಕೊಂಡು ತಿಂದೆವು.