ಆರೈಕೆ ಕೇಂದ್ರದಲ್ಲಿರುವ ಮರೆಗುಳಿ ತಂದೆ ತಾಯಿಗೆ ಜೊತೆಯಾಗುವುದು ಹೇಗೆ?

ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೆತ್ತವಳನ್ನು ಕೈಬಿಟ್ಟೆನೇ ಎಂಬ ಒಂದೇ ಯೋಚನೆ. ಮೂರು ವರ್ಷ ಕಳೆದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಉಣಿಸುವ, ಸ್ನಾನ ಮಾಡಿಸುವ, ನಡುರಾತ್ರಿ ಎದ್ದು ನೋಡುವ ಕೆಲಸ ಬೇರೆಯವರ ಕೈಗೆ ಹೋಗುತ್ತದೆ. ಆದರೆ ಇವರು ಯಾರು, ಹೇಗೆ ಬಾಳಿದವರು ಎಂಬುದು ಗೊತ್ತಿರುವುದು ನಮಗೆ ಮಾತ್ರ. ಅದನ್ನು ಅಲ್ಲಿನವರಿಗೆ ತಿಳಿಸಿಕೊಡುವುದು ಮಕ್ಕಳ ಪಾಲಿಗೆ ಉಳಿಯುವ ದೊಡ್ಡ ಕೆಲಸ.

ಮೊದಲು, ಒಂದು ಪುಟ ಬರೆದುಕೊಡಿ

ಕೇಂದ್ರದ ಕಡತದಲ್ಲಿ ರಕ್ತದೊತ್ತಡ, ಮಾತ್ರೆಗಳ ಪಟ್ಟಿ ಇರುತ್ತದೆ. ನೀವು ಬರೆಯಬೇಕಾದದ್ದು ಬೇರೆ: ಏನೆಂದು ಕರೆದರೆ ತಿರುಗಿ ನೋಡುತ್ತಾರೆ, ಸ್ನಾನ ಬೆಳಿಗ್ಗೆಯೋ ಸಂಜೆಯೋ, ದೀಪ ಆರಿಸಿದರೆ ಹೆದರುತ್ತಾರೆಯೇ, ಯಾವ ಹಾಡು ಇಷ್ಟ, ಯಾವ ಕೆಲಸದಲ್ಲಿದ್ದರು. ದೊಡ್ಡ ಅಕ್ಷರದಲ್ಲಿ ಬರೆದು, ಎಲ್ಲ ಪಾಳಿಯವರ ಕಣ್ಣಿಗೂ ಬೀಳುವ ಕಡೆ ಇಡಲು ಹೇಳಿ.

ಇದರ ಬೆಲೆ ನನಗೆ ತಿಳಿದದ್ದು ಅಮ್ಮನ ಬೆರಳಿನಿಂದ. ಮೊದಲ ವಾರಗಳಲ್ಲಿ ಅವಳು ತೋರುಬೆರಳಿನಿಂದ ಹೊದಿಕೆಯ ಮೇಲೆ ಗೆರೆ ಎಳೆಯುತ್ತಲೇ ಇದ್ದಳು. ಕೆಳಕ್ಕೆ ಚಿಕ್ಕದು, ಮೇಲಕ್ಕೆ ಉದ್ದದ್ದು. ಸಿಬ್ಬಂದಿ ಅದನ್ನು ‘ಚಡಪಡಿಕೆ’ ಎಂದು ಬರೆದುಕೊಂಡಿದ್ದರು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಅದು ‘ಸರಿ’ ಗುರುತು. ಮೂವತ್ತು ವರ್ಷ ಶಿಕ್ಷಕಿಯಾಗಿದ್ದ ಅಮ್ಮ ಉತ್ತರಪತ್ರಿಕೆ ತಿದ್ದುತ್ತಿದ್ದಳು! ಮರುದಿನ ಒಂದು ಕೆಂಪು ಪೆನ್ಸಿಲ್, ಲೆಕ್ಕ ಬರೆದ ಹಳೆಯ ಹಾಳೆಗಳನ್ನು ಒಯ್ದುಕೊಟ್ಟೆ. ಒಂದು ಗಂಟೆ ತಲೆ ಎತ್ತಲಿಲ್ಲ. ಕೊನೆಯ ಹಾಳೆಯ ಮೂಲೆಯಲ್ಲಿ ಎಂಟು ಎಂದು ಬರೆದು ಸುತ್ತ ದುಂಡಗೆ ಗೆರೆ ಹಾಕಿದಳು.

ಭೇಟಿಯಲ್ಲಿ ಪರೀಕ್ಷೆ ಬೇಡ

‘ನಾನು ಯಾರು ಹೇಳು ನೋಡೋಣ?’ ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ಮರೆಗುಳಿತನದ (ಡಿಮೆನ್ಷಿಯಾ) ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮಿದುಳಿನ ಹಿಪೊಕ್ಯಾಂಪಸ್ ಭಾಗವನ್ನು ಬೇಗನೆ ಹಿಡಿಯುತ್ತದೆ. ಹೊಸ ನೆನಪುಗಳು ನೆಲೆಯೂರಲು ಬೇಕಾದ ಭಾಗ ಅದು. ಆದ್ದರಿಂದಲೇ ಈಗ ತಾನೇ ಉಂಡದ್ದು ಮರೆತಿರುತ್ತದೆ, ಬಾಲ್ಯದ ಓಣಿ ಕಣ್ಣಿಗೆ ಕಟ್ಟಿದಂತಿರುತ್ತದೆ. ಎದುರಿನಿಂದಲೇ ಹತ್ತಿರ ಹೋಗಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತು, ನಿಮ್ಮ ಹೆಸರನ್ನು ನೀವೇ ಹೇಳಿ. ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ವಿಷಯ. ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಕಾಯಿರಿ. ಹಳೆಯ ಫೋಟೊ, ಮಡಿಸಲು ನಾಲ್ಕು ಕರವಸ್ತ್ರ, ಕೈಗೆ ಹಚ್ಚಲು ಸ್ವಲ್ಪ ಎಣ್ಣೆ ಇದ್ದರೆ ಮಾತಿಲ್ಲದೆಯೂ ಅರ್ಧ ಗಂಟೆ ಸರಿಯುತ್ತದೆ.

ಸಂಜೆಯಾದರೆ ಹಲವರಲ್ಲಿ ಕಳವಳ ಹೆಚ್ಚುತ್ತದೆ. ‘ಮನೆಗೆ ಹೋಗಬೇಕು, ಅಮ್ಮ ಕಾಯುತ್ತಿರುತ್ತಾಳೆ’ ಎಂದು ನನ್ನ ಅಮ್ಮ ಏಳುತ್ತಿದ್ದಳು. ಮೊದಲ ಸಲ ನಾನು, ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ ಎಂದೆ. ಸುದ್ದಿ ಆಗಷ್ಟೇ ಬಂದಂತೆ ಅತ್ತಳು. ಆ ಅಳುವನ್ನು ನಾನು ಮರೆತಿಲ್ಲ, ಮತ್ತೆಂದೂ ಆ ಮಾತನ್ನು ಹೇಳಲಿಲ್ಲ. ‘ಅಜ್ಜಿಯ ನೆನಪಾಯಿತಾ? ಅವಳು ನಿನಗೆ ಜಡೆ ಹಾಕುತ್ತಿದ್ದದ್ದು ಹೇಳಮ್ಮ’ ಎಂದರೆ ಅವಳು ಮತ್ತೆ ಕುಳಿತುಕೊಳ್ಳುತ್ತಿದ್ದಳು.

ಹೋದರೂ ನೆನಪಿರುವುದಿಲ್ಲ, ಹೋಗಿ ಏನು ಪ್ರಯೋಜನ ಎನ್ನುವವರಿದ್ದಾರೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಝೈಮರ್ ಇರುವವರಿಗೆ ನಗು ತರಿಸುವ ಮತ್ತು ದುಃಖ ತರಿಸುವ ಸಿನಿಮಾ ತುಣುಕುಗಳನ್ನು ತೋರಿಸಿ ಗಮನಿಸಿದರು. ನೋಡಿದ್ದು ಬಹುಮಟ್ಟಿಗೆ ಮರೆತ ಮೇಲೂ ಅದರಿಂದ ಹುಟ್ಟಿದ ಭಾವ ಉಳಿದಿತ್ತು. ನಿಮ್ಮ ಭೇಟಿಗೂ ಈ ಮಾತು ಸಲ್ಲುತ್ತದೆ.

ದಿಢೀರ್ ಬದಲಾವಣೆ ಕಂಡರೆ ಅಂದೇ ಹೇಳಿ

ಇದೊಂದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ಮರೆಗುಳಿತನ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಇಳಿಯುವ ಇಳಿಜಾರು. ಒಂದೆರಡು ದಿನದಲ್ಲಿ ವ್ಯಕ್ತಿ ಬದಲಾದರೆ, ಅಂದರೆ ಸದಾ ತೂಕಡಿಕೆ, ಇಲ್ಲದ್ದು ಕಾಣುವುದು, ಇದ್ದಕ್ಕಿದ್ದಂತೆ ಸಿಟ್ಟು, ಅದು ಸನ್ನಿ (ಡೆಲಿರಿಯಂ), ಅಂದರೆ ಮೈಯ ಬೇರೆ ತೊಂದರೆಯಿಂದ ದಿಢೀರನೆ ಬರುವ ಬುದ್ಧಿಯ ಗೊಂದಲ, ಇರಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಮಾತ್ರೆ, ನೋವು ಇವೆಲ್ಲ ಅದಕ್ಕೆ ಕಾರಣವಾಗುತ್ತವೆ. ಹೆಚ್ಚಿನವಕ್ಕೆ ಚಿಕಿತ್ಸೆ ಇದೆ. ಅಮ್ಮ ಒಂದು ವಾರ ಕಣ್ಣು ಬಿಡದೆ ಮಲಗಿದ್ದಾಗ ‘ಕಾಯಿಲೆ ಮುಂದುವರಿದಿದೆ’ ಎಂದರು. ನಾನೂ ನಂಬಿಬಿಟ್ಟೆ. ಕಡೆಗೆ ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ನೀವು ಹಾಗೆ ಕಾಯಬೇಡಿ. ‘ಮೊನ್ನೆಯವರೆಗೆ ಹೀಗಿರಲಿಲ್ಲ, ವೈದ್ಯರು ಇವತ್ತೇ ನೋಡಬೇಕು’ ಎಂದು ಸ್ಪಷ್ಟವಾಗಿ ಹೇಳಿ.

ನೋವನ್ನು ಬಾಯಿಬಿಟ್ಟು ಹೇಳಲಾಗದವರಲ್ಲಿ ಐದು ಕಡೆ ಗಮನವಿಡಿ: ಉಸಿರಾಟ, ನರಳುವ ದನಿ, ಮುಖದ ಬಿಗಿತ, ಮೈಯ ಸೆಟೆತ, ಸಮಾಧಾನ ಮಾಡಿದರೂ ತಣ್ಣಗಾಗದಿರುವುದು.

ಗಲಾಟೆ ಮಾಡುತ್ತಾರೆಂದು ಮನೋವಿಕಾರಕ್ಕೆ ಕೊಡುವ ಮಾತ್ರೆ (ಆಂಟಿಸೈಕೋಟಿಕ್) ಶುರು ಮಾಡಿದರೆ, ಏಕೆ, ಎಷ್ಟು ದಿನ, ಮತ್ತೆ ಯಾವಾಗ ಪರಿಶೀಲಿಸುತ್ತೀರಿ ಎಂದು ವೈದ್ಯರನ್ನು ಕೇಳಿ. ಮರೆಗುಳಿತನವಿರುವ ವೃದ್ಧರಲ್ಲಿ ಇಂತಹ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಿಂದಲೇ ಎಚ್ಚರಿಸುತ್ತಿದೆ. ಕೆಲವೊಮ್ಮೆ ಅವು ಬೇಕಾಗುತ್ತವೆ, ನೀವೇ ನಿಲ್ಲಿಸಿಬಿಡಬೇಡಿ. ಪ್ರಶ್ನೆ ಕೇಳುವ ಹಕ್ಕನ್ನಂತೂ ಬಿಡಬೇಡಿ.

ಪ್ರತಿ ಸಲ ಕೈಯಾಡಿಸಿ ನೋಡಬೇಕಾದ್ದು

ಕನ್ನಡಕ ಅವರದೇ ತಾನೇ? ಶ್ರವಣ ಸಾಧನದ ಬ್ಯಾಟರಿ? ಹಲ್ಲಿನ ಸೆಟ್ಟು, ಕಾಲುಗುರು? ಹಿಮ್ಮಡಿ ಮತ್ತು ಸೊಂಟದ ಕೆಳಗೆ ಚರ್ಮ ಕೆಂಪಾಗಿದ್ದರೆ ಹಾಸಿಗೆ ಹುಣ್ಣಿನ ಮುನ್ಸೂಚನೆ ಇರಬಹುದು. ಕಿವಿ ಕೇಳದೆ ಸುಮ್ಮನಿರುವವರನ್ನು ‘ಅರ್ಥವಾಗುವುದಿಲ್ಲ’ ಎಂದು ಬಿಟ್ಟುಬಿಡುವುದುಂಟು. ಭೇಟಿಯ ಹೊತ್ತನ್ನು ಬದಲಿಸುತ್ತಿರಿ, ಊಟದ ವೇಳೆಗೂ ಹೋಗಿ. ನೇರವಾಗಿ ಕೂರಿಸಿ, ಚಿಕ್ಕ ತುತ್ತು ಕೊಟ್ಟು, ನುಂಗಿದ್ದು ಖಚಿತವಾದ ಮೇಲೆ ಇನ್ನೊಂದು ಕೊಡಿ. ತಿನ್ನುವಾಗ ಪದೇ ಪದೇ ಕೆಮ್ಮು ಬಂದರೆ ನುಂಗುವ ಶಕ್ತಿಯ ತಪಾಸಣೆ ಕೇಳಿ, ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಕಂಡದ್ದನ್ನು ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಿ. ದೂರು ಇದ್ದರೆ ಮೇಲ್ವಿಚಾರಕರ ಮುಂದೆ ಹೇಳಿ, ಒಳ್ಳೆಯದನ್ನು ಮಾಡಿದವರ ಮುಂದೆಯೇ ಹೇಳಿ. ಅಮ್ಮನಿಗೆ ತಲೆ ಬಾಚುವ ಹುಡುಗಿಯ ಹೆಸರು ನನಗೆ ಗೊತ್ತು, ಅವಳಿಗೆ ಕೆಂಪು ಪೆನ್ಸಿಲ್ ಎಲ್ಲಿದೆಯೆಂದು ಗೊತ್ತು.

ಹೊರಡುವುದು

ದೀರ್ಘ ವಿದಾಯ ಇಬ್ಬರಿಗೂ ಕಷ್ಟ. ಚೀಲವನ್ನು ಬಾಗಿಲ ಹೊರಗೇ ಇಟ್ಟು ಒಳಗೆ ಹೋಗಿ, ಕಂಡರೆ ತಾವೂ ಹೊರಡಲು ಏಳುತ್ತಾರೆ. ಊಟವೋ ಹಾಡೋ ಶುರುವಾಗುವ ಹೊತ್ತನ್ನು ಆರಿಸಿಕೊಳ್ಳಿ. ನಾನು ಒಂದು ಹೊಸ ಹಾಳೆಯನ್ನು ಅಮ್ಮನ ಮುಂದಿಟ್ಟು, ಭುಜದ ಮೇಲೆ ಕೈ ಇಟ್ಟು, ‘ಇದನ್ನು ತಿದ್ದುತ್ತಿರು, ಬಂದೆ’ ಎನ್ನುತ್ತೇನೆ. ಅವಳು ತಲೆ ಎತ್ತದೆ ‘ಹೂಂ’ ಎನ್ನುತ್ತಾಳೆ.